ಕಲ್ಯಾಣದ ನಾಟಕಕ್ಕೊಬ್ಬ ಬಿಜ್ಜಳ ಬೇಕು

ಬಸವಣ್ಣನ ಪಾತ್ರಧಾರಿ ಸಿಗುತ್ತಾನೆ. ಭಾಲ್ಕಿಯಾಗಲಿ ಔರಾದ್ ಆಗಲಿ, ಊರಿನ ಭಜನಾ ಮಂಡಳಿಯಲ್ಲಿ ವಚನವನ್ನು ತಲೆದೂಗುವ ಹಾಗೆ ಹಾಡುವ, ಮಾತಿನಲ್ಲಿ ನಿಧಾನ ಇರುವ ಒಬ್ಬನಾದರೂ ಇರುತ್ತಾನೆ. ಅವನಿಗೆ ವಿಭೂತಿ ಹಚ್ಚಿ, ಶುಭ್ರ ಬಿಳಿ ಧೋತರ ಉಡಿಸಿ, ಕೊರಳಿಗೆ ರುದ್ರಾಕ್ಷಿ ಹಾಕಿ ನಿಲ್ಲಿಸಿದರೆ ಜನ ಅರ್ಧ ಒಪ್ಪಿಕೊಂಡಂತೆಯೇ. ತಾಲೀಮು ನಿಂತುಹೋಗುವುದು ಬಿಜ್ಜಳನಿಗಾಗಿ. ಅರಸನ ಎತ್ತರ ಬೇಕು, ಮೈಕು ಕೆಟ್ಟರೂ ಕೊನೆಯ ಸಾಲಿಗೆ ಮುಟ್ಟುವ ದನಿ ಬೇಕು. ಇವೆರಡೂ ಇದ್ದವನಿಗೆ ಇನ್ನೂ ಒಂದು ಬೇಕು: ತಾನು ನೆಚ್ಚಿದ ಮಂತ್ರಿ ಬಸವಣ್ಣನನ್ನೇ ಕಳೆದುಕೊಳ್ಳುತ್ತಿರುವವನ ಸಂಕಟ. ಅದಿಲ್ಲದ ಬಿಜ್ಜಳ ಮೀಸೆ ತಿರುವಿ ಅಬ್ಬರಿಸಿ ಹೋಗುತ್ತಾನೆ, ನಾಟಕ ಬಡವಾಗುತ್ತದೆ.

ಬಸವ ಜಯಂತಿ, ಶ್ರಾವಣ, ಮಠದ ಉತ್ಸವ, ಊರ ಜಾತ್ರೆ ಎಂದು ಬೀದರ್ ಸೀಮೆಯಲ್ಲಿ ಶರಣರ ಕತೆ ರಂಗಕ್ಕೆ ಬರಲು ನೆಪಗಳು ಹಲವು. ಆದರೆ ಈ ನಾಟಕವನ್ನು ಮೈಸೂರಿನಲ್ಲಿ ಆಡುವುದಕ್ಕೂ ಇಲ್ಲಿ ಆಡುವುದಕ್ಕೂ ಬಹಳ ಅಂತರ ಇದೆ. ಬೀದರ್ ನಗರದಿಂದ ಬಸವಕಲ್ಯಾಣಕ್ಕೆ, ಅಂದರೆ ಕತೆಯ ಕಲ್ಯಾಣಕ್ಕೆ, ಸುಮಾರು 80 ಕಿಲೋಮೀಟರ್. ಭಾಲ್ಕಿಯಿಂದ ಇನ್ನೂ ಹತ್ತಿರ. ಮುಂದೆ ಕೂತ ಪ್ರೇಕ್ಷಕರು ಪರುಷಕಟ್ಟೆಯನ್ನು ಕಂಡವರು, ಅಕ್ಕ ನಾಗಮ್ಮನ ಗವಿ, ನುಲಿಯ ಚಂದಯ್ಯನ ಗವಿ ಹೊಕ್ಕು ಬಂದವರು, ತ್ರಿಪುರಾಂತಕ ಕೆರೆಯ ದಂಡೆಯಲ್ಲಿ ಬುತ್ತಿ ಬಿಚ್ಚಿ ಉಂಡವರು. ಮುಂದೇನಾಗುತ್ತದೆ ಎಂಬ ಕುತೂಹಲ ಇಲ್ಲಿ ಯಾರಿಗೂ ಇಲ್ಲ. ಯಾರು ಯಾವ ಪಾತ್ರ ಕಟ್ಟಿದ್ದಾರೆ, ಹೇಗೆ ಕಟ್ಟಿದ್ದಾರೆ ಎಂಬುದೇ ಅವರ ಕುತೂಹಲ. ಹಾಗಾಗಿ ಇಲ್ಲಿ ಪಾತ್ರ ಹಂಚುವುದೇ ನಾಟಕದ ಅರ್ಧ ಕೆಲಸ.

ಕಂಪನಿ ನಾಟಕದ ಕಾಲದಲ್ಲಿ ಈ ಕತೆಗೆ ಮುಖವಾದವರು ಏಣಗಿ ಬಾಳಪ್ಪ. ಬೆಳಗಾವಿಯ ಅವರ ಕಲಾವೈಭವ ನಾಟ್ಯ ಸಂಘದ ‘ಜಗಜ್ಯೋತಿ ಬಸವೇಶ್ವರ’ ಉತ್ತರ ಕರ್ನಾಟಕದ ಮನೆಮಾತಾಗಿತ್ತು. ಬಸವಣ್ಣನಾಗಿ ನಿಂತ ಬಾಳಪ್ಪನವರಲ್ಲಿ ಜನ ಬಸವಣ್ಣನನ್ನೇ ಕಂಡರು. 1914ರಲ್ಲಿ ಹುಟ್ಟಿ 2017ರವರೆಗೆ, ನೂರು ದಾಟಿ ಬಾಳಿದ ಈ ನಟ ಚಿಕ್ಕಂದಿನಲ್ಲಿ ಸ್ತ್ರೀಪಾತ್ರಗಳಿಂದ ಬೆಳೆದು ಬಂದವರು. ಗಣೇಶ ಅಮೀನಗಡ ಅವರು ನಿರೂಪಿಸಿದ ‘ಬಣ್ಣದ ಬದುಕಿನ ಚಿನ್ನದ ದಿನಗಳು’ ಅವರ ಬದುಕಿನ ಪುಸ್ತಕ. ಹೆಣ್ಣಿನ ನಡೆ, ಹೆಣ್ಣಿನ ದನಿ ಕಲಿತ ಮೈಯೇ ಮುಂದೆ ಬಸವಣ್ಣನ ಮೃದುತ್ವವನ್ನೂ ಹೊತ್ತಿತು ಎಂದು ನಾನು ನಂಬುತ್ತೇನೆ. ಗಂಡುಪಾತ್ರಗಳನ್ನಷ್ಟೇ ಮಾಡಿ ಬಂದವನಿಗೆ ಆ ಹದ ಬೇಗ ಒಲಿಯುವುದಿಲ್ಲ.

1959ರಲ್ಲಿ ಟಿ.ವಿ. ಸಿಂಗ್ ಠಾಕೂರ್ ‘ಜಗಜ್ಯೋತಿ ಬಸವೇಶ್ವರ’ ಸಿನಿಮಾ ಮಾಡಿದಾಗ ಬಸವಣ್ಣನಾದವರು ಹಾಡುಗಾರ ಹೊನ್ನಪ್ಪ ಭಾಗವತರ್. ಬಿಜ್ಜಳನಾದವರು ರಾಜಕುಮಾರ್. ಆ ಹಂಚಿಕೆಯಲ್ಲಿ ರಂಗಭೂಮಿಯವರಿಗೆ ದೊಡ್ಡ ಪಾಠವಿದೆ. ಹಾಡುವ ಗಂಟಲು ಬಸವಣ್ಣನಿಗೆ, ನಟನೆಯ ಬಲ ಬಿಜ್ಜಳನಿಗೆ. ಇಬ್ಬರೂ ಸಮತೂಕದವರಾದರೇ ಆಸ್ಥಾನದ ದೃಶ್ಯ ನಿಲ್ಲುವುದು.

ಬಿಜ್ಜಳ ಯಾರು? ಕಲಚುರಿ ವಂಶದವನು, ಕಲ್ಯಾಣದ ಚಾಲುಕ್ಯರ ಸಾಮಂತ. ಮಂಗಳವೇಢೆಯಲ್ಲಿ ಬೇರು ಬಿಟ್ಟವನು, ಮೂರನೆಯ ತೈಲಪನ ಕೈಸೋತಾಗ ಸಿಂಹಾಸನವನ್ನೇ ಹಿಡಿದ. 1162ರ ಹೊತ್ತಿಗೆ ಕಲ್ಯಾಣ ಅವನ ರಾಜಧಾನಿ. 1167-68ಕ್ಕೆ ಅವನ ಕಾಲ ಮುಗಿಯಿತು. ಐದಾರು ವರ್ಷಗಳ ಈ ಸಣ್ಣ ಅವಧಿಯೊಳಗೆ ನಾಟಕಕಾರರು ಎಷ್ಟೊಂದನ್ನು ಕಂಡಿದ್ದಾರೆ! ಪಿ. ಲಂಕೇಶರ ‘ಸಂಕ್ರಾಂತಿ’ಯಲ್ಲಿ ಬಿಜ್ಜಳ ಬಸವಣ್ಣನನ್ನು ಎದುರು ಕೂರಿಸಿಕೊಂಡು ಪ್ರಶ್ನಿಸಬಲ್ಲ ಮನುಷ್ಯ. ಗಿರೀಶ ಕಾರ್ನಾಡರ ‘ತಲೆದಂಡ’ದ ಬಿಜ್ಜಳ ತನ್ನ ಕುಲದ ಹಿನ್ನೆಲೆಯನ್ನು ಕಿರೀಟದಡಿ ಮುಚ್ಚಿಡಲಾರದೆ ಒದ್ದಾಡುವವನು. ಶರಣರು ತನ್ನನ್ನು ಮನುಷ್ಯನೆಂದು ಕಂಡರು ಎಂಬುದಕ್ಕಾಗಿಯೇ ಅವರ ಬಗ್ಗೆ ಅವನಿಗೆ ಮೆತ್ತಗಿನ ಮನಸ್ಸು. ಮಗ ಸೋವಿದೇವನನ್ನು ಗದರಿಸುತ್ತ, ಹೆಂಡತಿ ರಂಭಾವತಿಯ ಮುಂದೆ ಸೋಲುತ್ತ ಓಡಾಡುವ ಈ ತಂದೆಯ ಪಾತ್ರ ಸಿಕ್ಕ ಯಾವ ನಟನೂ ಪುಣ್ಯವಂತ. 1990ರಲ್ಲಿ ಬಂದ ಈ ನಾಟಕ ಮುಂದೆ ‘ರಕ್ತ ಕಲ್ಯಾಣ’ವಾಗಿ ಹಿಂದಿ ರಂಗವನ್ನೂ ಆಳಿತು.

ಊರ ತಂಡಗಳು ಇಂಥ ಸಾಹಿತ್ಯಕೃತಿಗಳನ್ನೇ ಎತ್ತಿಕೊಳ್ಳುವುದು ಅಪರೂಪ. ಅವರ ಕೈಯಲ್ಲಿರುವುದು ಹೆಚ್ಚಾಗಿ ಕಂಪನಿ ಮಾದರಿಯ ಪ್ರತಿ: ನಾಂದಿ, ಹಾಡು, ಉದ್ದುದ್ದ ಮಾತು, ನಡುವೆ ನಗಿಸುವ ಜೋಡಿ. ಅದರ ಬಗ್ಗೆ ಮೂಗು ಮುರಿಯುವವರ ಜೊತೆ ನಾನಿಲ್ಲ. ಆದರೂ ಬಿಜ್ಜಳನಾಗುವವನು ತಾಲೀಮಿಗೆ ಮುಂಚೆ ‘ತಲೆದಂಡ’ವನ್ನೊಮ್ಮೆ ಓದಲೇಬೇಕು ಎಂಬುದು ನನ್ನ ಹಟ. ಕಂಪನಿ ಮಾತನ್ನೇ ಆಡಲಿ, ಆದರೆ ಆ ಮಾತಿನ ಹಿಂದೆ ಒಬ್ಬ ಮನುಷ್ಯನಿರಲಿ.

ಹಂಚಿಕೆಯಲ್ಲಿ ನಿಜವಾಗಿ ಊರನ್ನು ಪರೀಕ್ಷಿಸುವ ಪಾತ್ರ ಹರಳಯ್ಯನದು. ಕತೆ ಎಲ್ಲರಿಗೂ ಗೊತ್ತು. ಚಪ್ಪಲಿ ಹೊಲಿಯುವ ಹರಳಯ್ಯ ‘ಶರಣು’ ಎಂದದ್ದಕ್ಕೆ ಬಸವಣ್ಣ ‘ಶರಣು ಶರಣಾರ್ಥಿ’ ಎಂದ. ತನಗೆ ಒಂದು ಹೆಚ್ಚು ಬಂತು, ಈ ಋಣ ತೀರಿಸಬೇಕೆಂದು ಹರಳಯ್ಯ, ಅವನ ಹೆಂಡತಿ ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿದರು. ಬಸವಣ್ಣ ಅದನ್ನು ಕಾಲಿಗೆ ಮೆಟ್ಟದೆ ತಲೆಯ ಮೇಲಿಟ್ಟುಕೊಂಡ. ಮುಂದೆ ಹರಳಯ್ಯನ ಮಗ ಶೀಲವಂತನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ಕೊಟ್ಟು ಮದುವೆಯಾಯಿತು. ಆ ಮದುವೆಗೆ ಎಳೆಹೂಟೆಯ ಶಿಕ್ಷೆ ಬಂತು. ಹರಳಯ್ಯ, ಮಧುವರಸರನ್ನು ಆನೆಯ ಕಾಲಿಗೆ ಕಟ್ಟಿಸಿ ಎಳೆಸಿದರು.

ಈ ದೃಶ್ಯಗಳಲ್ಲಿ ಹರಳಯ್ಯನಿಗೆ ಮಾತು ಕಡಿಮೆ. ಹಾಗಾಗಿ ಹೊಸಬನಿಗೆ ಕೊಟ್ಟುಬಿಡುವ ರೂಢಿ ಇದೆ. ಇದು ದೊಡ್ಡ ತಪ್ಪು. ಪಾದರಕ್ಷೆ ಒಪ್ಪಿಸುವ ಆ ಗಳಿಗೆಯಲ್ಲಿ ಹರಳಯ್ಯನ ಕೈ ನಡುಗಬೇಕೆ, ನಡುಗಬಾರದೆ ಎಂಬುದನ್ನು ತಿಳಿದ ನಟ ಬೇಕು. ಅವನ ತೊಡೆ ನೋಯುತ್ತಿದೆ, ಮುಖದಲ್ಲಿ ಹಿಗ್ಗಿದೆ, ಮನದಲ್ಲಿ ಅಂಜಿಕೆ ಇದೆ. ಮೂರೂ ಒಟ್ಟಿಗೆ ಕಾಣಬೇಕು. ಇನ್ನೊಂದು ವಿಷಯವನ್ನು ಮುಚ್ಚುಮರೆ ಇಲ್ಲದೆ ಹೇಳಬೇಕು. ಸಣ್ಣ ಊರಿನಲ್ಲಿ ಯಾರ ಮನೆ ಯಾವ ಓಣಿಯಲ್ಲಿದೆ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ಹರಳಯ್ಯನ ಪಾತ್ರವನ್ನು ಯಾರಿಗೆ ಕೊಟ್ಟರು, ಮಧುವರಸ ಯಾರಾದರು ಎಂಬುದನ್ನು ಪ್ರೇಕ್ಷಕರು ಜಾತಿಯ ಕಣ್ಣಿನಿಂದಲೂ ಓದುತ್ತಾರೆ. ದಲಿತ ಓಣಿಯ ಪ್ರತಿಭಾವಂತ ನಟನನ್ನು ಹರಳಯ್ಯನಿಗೇ ಮೀಸಲಿಟ್ಟರೆ ಕಲ್ಯಾಣದ ಕತೆಗೇ ಎರಡು ಬಗೆದಂತೆ. ಅವನು ಬಸವಣ್ಣನೂ ಆಗಲಿ, ಅಲ್ಲಮನೂ ಆಗಲಿ. ಹರಳಯ್ಯನಿಗೆ ಬಸವಣ್ಣನಷ್ಟೇ ಬಲವಾದ ನಟ ಎಲ್ಲಿಂದಾದರೂ ಬರಲಿ. ಒಟ್ಟಿಗೆ ಬಣ್ಣ ಹಚ್ಚಿಕೊಂಡು, ಒಂದೇ ಕೆಟಲ್‌ನ ಚಹಾ ಕುಡಿದು, ರಾತ್ರಿ ಹೊತ್ತು ಒಂದೇ ಪರಾತದಲ್ಲಿ ಮಂಡಾಳ ಚೂಡಾ ತಿನ್ನುವ ತಾಲೀಮಿನ ಕೋಣೆ ಅನುಭವ ಮಂಟಪಕ್ಕೆ ಹತ್ತಿರ ಬರುವುದು ಆಗಲೇ.

ಹೆಣ್ಣುಪಾತ್ರಗಳ ಕತೆ ಬೇರೆ. ಹಳ್ಳಿಯ ಹವ್ಯಾಸಿ ನಾಟಕಗಳಿಗೆ ನಟಿಯರನ್ನು ಹೊರ ಊರಿನಿಂದ ಕರೆಸುವುದು ಉತ್ತರ ಕರ್ನಾಟಕದಲ್ಲಿ ಬಹಳ ಹಿಂದಿನಿಂದ ನಡೆದು ಬಂದಿದೆ. ಒಂದೋ ಎರಡೋ ತಾಲೀಮಿಗೆ ಬಂದು, ರಾತ್ರಿಯೆಲ್ಲ ಆಡಿ, ಬೆಳಗಿನ ಬಸ್ಸಿಗೆ ಇನ್ನೊಂದು ಊರಿನ ನಾಟಕಕ್ಕೆ ಹೊರಡುವ ಈ ಕಲಾವಿದೆಯರ ನೆನಪಿನ ಶಕ್ತಿ, ಸಭೆಯನ್ನು ಹಿಡಿಯುವ ಕಸುವು ದೊಡ್ಡದು. ಅವರಿಗೆ ಸಿಗಬೇಕಾದ ಗೌರವ ಇನ್ನೂ ಪೂರ್ತಿ ಸಿಕ್ಕಿಲ್ಲ. ಆದರೆ ಕಲ್ಯಾಣದ ನಾಟಕದಲ್ಲಿ ಅಕ್ಕಮಹಾದೇವಿ ಹೀಗೆ ಬಂದು ಹೋಗುವ ಪಾತ್ರವಲ್ಲ. ಅನುಭವ ಮಂಟಪದಲ್ಲಿ ಅಲ್ಲಮ ಎಸೆಯುವ ಒಂದೊಂದು ಪ್ರಶ್ನೆಗೂ ಅವಳು ಉತ್ತರ ಕೊಡುವ ಪ್ರಸಂಗ ‘ಶೂನ್ಯಸಂಪಾದನೆ’ಯಲ್ಲೇ ನಾಟಕವಾಗಿ ನಿಂತಿದೆ. ಅಲ್ಲಮನ ಜೊತೆ ಹಲವು ದಿನ ಕೂತು ಮಾತು ಹೊಂದಿಸಿಕೊಳ್ಳದೆ ಅದು ಏಳುವುದಿಲ್ಲ. ಈಗ ಊರಿನ ಕಾಲೇಜು ಹುಡುಗಿಯರು, ಶಿಕ್ಷಕಿಯರು ರಂಗಕ್ಕೆ ಬರುತ್ತಿರುವುದರಿಂದ ಅಕ್ಕನನ್ನೂ ಗಂಗಾಂಬಿಕೆ, ನೀಲಾಂಬಿಕೆಯರನ್ನೂ ಊರಿನಲ್ಲೇ ಹುಡುಕುವುದು ಸಾಧ್ಯ. ಬಿಜ್ಜಳನ ಸಾಕುತಂಗಿಯೆಂದು ಕತೆ ಹೇಳುವ ನೀಲಾಂಬಿಕೆಯ ಪಾತ್ರವನ್ನು ಹೆಚ್ಚಿನ ಪ್ರತಿಗಳು ಆರತಿ ತಟ್ಟೆ ಹಿಡಿಸಿ ಮುಗಿಸಿಬಿಡುತ್ತವೆ. ಅಣ್ಣನ ಆಸ್ಥಾನಕ್ಕೂ ಗಂಡ ಬಸವಣ್ಣನ ಮಹಾಮನೆಗೂ ನಡುವೆ ನಿಂತವಳು ಅವಳು. ಅವಳಿಗೊಂದು ಇಡೀ ದೃಶ್ಯ ಬರೆಯುವ ನಾಟಕಕಾರ ಬರಬೇಕು.

ಇನ್ನು ಹಾಡು. ಹಾಡಿಲ್ಲದ ಕಲ್ಯಾಣದ ನಾಟಕವನ್ನು ಈ ಸೀಮೆಯ ಜನ ಒಪ್ಪರು. ಇಲ್ಲಿನ ಕಿವಿ ಬಹಳ ಕಡೆಯಿಂದ ತುಂಬಿ ಬಂದದ್ದು. ಹುಮನಾಬಾದಿನ ಮಾಣಿಕಪ್ರಭುಗಳು 19ನೇ ಶತಮಾನದಲ್ಲೇ ಕನ್ನಡ, ಮರಾಠಿ, ಉರ್ದು ಮೊದಲಾಗಿ ಹಲವು ಭಾಷೆಗಳಲ್ಲಿ ಪದ ಕಟ್ಟಿದರು. ಓಣಿ ಓಣಿಯಲ್ಲಿ ತತ್ವಪದದ ಏಕತಾರಿ. ಗಡಿಯಾಚೆಯಿಂದ ಮರಾಠಿ ನಾಟ್ಯಗೀತೆ. ಆ ಸಂಗೀತ ನಾಟಕಕ್ಕೆ 1880ರ ‘ಶಾಕುಂತಲ’ದಿಂದ ದಾರಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ವಚನ ಗಾಯನಕ್ಕೆ ಘನತೆ ತಂದ ಮಲ್ಲಿಕಾರ್ಜುನ ಮನಸೂರರು ಕೂಡ ಹುಡುಗನಾಗಿದ್ದಾಗ ವಾಮನರಾವ್ ಮಾಸ್ತರರ ನಾಟಕ ಕಂಪನಿಯಲ್ಲಿ ಪಾತ್ರ ಮಾಡಿದವರು. ಗದುಗಿನ ವೀರೇಶ್ವರ ಪುಣ್ಯಾಶ್ರಮ ಅಂಧ ಮಕ್ಕಳಿಗೆ ಸಂಗೀತ ಕಲಿಸುತ್ತ, ನಾಟಕ ಕಂಪನಿಯನ್ನೂ ಕಟ್ಟಿ ನಡೆಸಿತು. ಆ ಆಶ್ರಮದ ಪುಟ್ಟರಾಜ ಗವಾಯಿಗಳು ನಾಟಕಗಳನ್ನೂ ಬರೆದರು.

ವಚನ ಗದ್ಯ. ಅದಕ್ಕೆ ಪದ್ಯದ ಹಾಗೆ ತಾಳದ ಕಟ್ಟಿಲ್ಲ. ಪೇಟಿ ಮಾಸ್ತರರು ಅದನ್ನು ತಾಳಕ್ಕೆ ಕೂರಿಸುವಾಗ ಮಾತನ್ನು ಎಳೆದಾಡಿದರೆ ಅರ್ಥ ಹರಿದುಹೋಗುತ್ತದೆ. ಒಳ್ಳೆಯ ಮಾಸ್ತರರು ಮೊದಲ ಸಾಲನ್ನು ತಬಲಾ ಇಲ್ಲದೆ ಆಲಾಪದಂತೆ ಬಿಟ್ಟು, ಮತ್ತೆ ಮತ್ತೆ ಬರುವ ಸಾಲಿಗಷ್ಟೇ ಠೇಕಾ ಹಿಡಿಸುತ್ತಾರೆ. ಹಾಗಾಗಿ ಪಾತ್ರ ಹಂಚುವ ದಿನ ಪೇಟಿ ಮಾಸ್ತರರು ಕೂತಿರಲೇಬೇಕು. ಬಸವಣ್ಣ, ಅಕ್ಕ, ಅಲ್ಲಮ ಮೂವರೂ ಹಾಡುವವರು. ಮೂವರ ಪಟ್ಟಿಯೂ ಬೇರೆ ಬೇರೆಯಾದರೆ ಪ್ರತಿ ಹಾಡಿಗೂ ಪೇಟಿಯ ಶ್ರುತಿ ಬದಲಿಸಬೇಕಾಗುತ್ತದೆ, ಮಂಟಪದ ದೃಶ್ಯದ ಓಟ ಕೆಡುತ್ತದೆ. ಅಲ್ಲಮನಿಗೆ ಕಡಿಮೆ ಹಾಡು, ಹೆಚ್ಚು ಮಾತು ಇದ್ದರೆ ಚೆಂದ. ಬಿಜ್ಜಳನಿಗೆ ಹಾಡೇ ಬೇಡ. ಎಲ್ಲರೂ ಹಾಡುವ ಊರಿನಲ್ಲಿ ಹಾಡಲು ಬಾರದವನ ಒಂಟಿತನ ಅವನದಾಗಲಿ.

ಸಣ್ಣ ಪಾತ್ರಗಳಲ್ಲಿ ಕೊಂಡೆಯ ಮಂಚಣ್ಣ ಸುಲಭ. ಚಾಡಿ ಹೇಳುವವನಿಗೆ ಚಪ್ಪಾಳೆ ಗ್ಯಾರಂಟಿ. ಮೋಳಿಗೆ ಮಾರಯ್ಯನದು ಹಾಗಲ್ಲ. ಕಾಶ್ಮೀರದ ಅರಸುತನ ಬಿಟ್ಟು ಬಂದು ಕಲ್ಯಾಣದಲ್ಲಿ ಕಟ್ಟಿಗೆ ಹೊರೆ ಮಾರಿದವನು. ಸಾಣೇಹಳ್ಳಿಯ ಪಂಡಿತಾರಾಧ್ಯ ಸ್ವಾಮಿಗಳು 2019ರ ಆಗಸ್ಟ್‌ನಲ್ಲಿ ನಡೆಸಿದ ‘ಮತ್ತೆ ಕಲ್ಯಾಣ’ ಅಭಿಯಾನದಲ್ಲಿ ಊರೂರಿನ ರಂಗಕ್ಕೆ ಬಂದದ್ದು ಅವನ ಹೆಸರಿನ ನಾಟಕವೇ. ಕಾಯಕದಿಂದ ಬೆನ್ನು ಬಾಗಿದ, ಅರಸನ ನಡೆ ಇನ್ನೂ ಪೂರ್ತಿ ಮರೆಯದ ಮನುಷ್ಯನನ್ನು ನಟಿಸುವುದು ಹಿರಿಯ ಕಲಾವಿದರಿಗೆ ತಕ್ಕ ಕೆಲಸ.

ಭಾಷೆಯ ತಕರಾರು ಪ್ರತಿ ತಾಲೀಮಿನಲ್ಲೂ ಏಳುತ್ತದೆ. ಅರಸನೂ ಶರಣರೂ ಪುಸ್ತಕದ ಕನ್ನಡ ಆಡಬೇಕೆಂಬುದು ಕಂಪನಿಯ ಕಟ್ಟಳೆ. ಔರಾದ್ ಕಡೆಯ ಹುಡುಗನ ಮನೆಮಾತು ಮರಾಠಿ ಇರಬಹುದು, ಬೀದರ್ ನಗರದವನಿಗೆ ಉರ್ದು ಸಲೀಸು. ಅವರ ಬಾಯಲ್ಲಿ ‘ಎಲೈ ಮಂತ್ರಿವರ್ಯನೇ’ ಎಂಬುದು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಅದೇ ಹುಡುಗ ಚಹಾದ ಹೊತ್ತಿಗೆ ‘ಏನ್ ಮಾಡ್ಲಾಕತ್ತೀರಿ ಅಣ್ಣಾರ’ ಎಂದರೆ ಮಾತಿಗೆ ಜೀವ ಬರುತ್ತದೆ. ಹರಳಯ್ಯ, ಕಲ್ಯಾಣಮ್ಮ, ಮಡಿವಾಳ ಮಾಚಿದೇವ, ಕಾವಲಿನವರು ಬೀದರ್ ಕನ್ನಡವನ್ನೇ ಆಡಲಿ. ಈ ನೆಲದ ಕನ್ನಡಕ್ಕೆ ರಂಗದ ಮೇಲೆ ನಿಲ್ಲುವ ಹಕ್ಕನ್ನು ಸಂಪಾದಿಸಿ ಕೊಟ್ಟವರಿದ್ದಾರೆ. ಔರಾದ್ ಸೀಮೆಯ ಕಮಲನಗರದಲ್ಲಿ 1889ರಲ್ಲಿ ಹುಟ್ಟಿದ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಬಸವಕಲ್ಯಾಣದಲ್ಲಿ ಅನುಭವ ಮಂಟಪ ಮತ್ತೆ ಎದ್ದದ್ದೂ ಅವರ ಶ್ರಮದಿಂದ. ಬೀದರಿನ ಜಿಲ್ಲಾ ರಂಗಮಂದಿರಕ್ಕೆ ಅವರದೇ ಹೆಸರು.

ಕೊನೆಯ ಅಂಕ ಬಹಳ ತಂಡಗಳಿಗೆ ಕಗ್ಗಂಟು. ಬಿಜ್ಜಳ ಬಿದ್ದ ಮೇಲೆ ಶರಣರು ಚದುರುತ್ತಾರೆ. ಬಸವಣ್ಣ ಆಗಲೇ ಕೂಡಲಸಂಗಮದ ದಾರಿ ಹಿಡಿದಿದ್ದಾನೆ. ಚನ್ನಬಸವಣ್ಣ, ಅಕ್ಕ ನಾಗಮ್ಮ ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಡೆ ಹೊರಡುತ್ತಾರೆ. ಬೆನ್ನು ಹತ್ತಿದ ದಂಡನ್ನು ಮಡಿವಾಳ ಮಾಚಿದೇವ ತಡೆಯುತ್ತಾನೆ. ಇದನ್ನು ಒಬ್ಬರ ಹಿಂದೆ ಒಬ್ಬರು ಬಂದು ಮಾತು ಹೇಳಿ ಪಕ್ಕದ ಪರದೆಗೆ ಸರಿಯುವಂತೆ ಮಾಡಿದರೆ ಸಾಲದು. ಜಾತ್ರೆಯ ಬಯಲು ರಂಗವಾದರೆ ಅವರು ಮೆಟ್ಟಿಲಿಳಿದು ಜನರ ನಡುವಿನಿಂದಲೇ ಹೋಗಲಿ. ಚನ್ನಬಸವಣ್ಣನಿಗೆ ಹೈಸ್ಕೂಲು ಮುಗಿಸಿದ ವಯಸ್ಸಿನ ಹುಡುಗನೇ ಆಗಬೇಕು. ಗಡ್ಡ ಅಂಟಿಸಿದ ನಲವತ್ತರವನು ಬೇಡ. ಮಾಚಿದೇವನಿಗೆ ತಾಲೀಮು ಖಾನೆಯಲ್ಲಿ ಮೈ ಪಳಗಿಸಿದ ಪೈಲ್ವಾನನನ್ನೇ ತನ್ನಿ. ಹಿಮ್ಮೇಳದಲ್ಲಿ ಹಲಗೆ ಜೋರಾಗಿ ಬಡಿಯಲಿ, ಕತ್ತಿವರಸೆ ನಿಜವಾಗಿ ಕಲಿತದ್ದಾಗಿರಲಿ. ಒಗೆದ ಬಟ್ಟೆಯ ಗಂಟು ಹೊತ್ತು ಮೊದಲ ಅಂಕಕ್ಕೆ ಬಂದ ಮಾಚಿದೇವ ಈ ಅಂಕದಲ್ಲಿ ಒಬ್ಬನೇ ಒಂದು ದಂಡಿಗೆ ಎದುರು ನಿಲ್ಲಬೇಕಾಗಿದೆ.