ಬೀಡಿಗಿಲ್ಲದ ನಿಷೇಧ ಇ-ಸಿಗರೇಟಿಗೇಕೆ?

ಪ್ರಶ್ನೆ: ಬೀಡಿ ಸಿಗರೇಟುಗಳು ಬಹಿರಂಗವಾಗಿ ಮಾರಾಟವಾಗುತ್ತಿರಲು ಇ-ಸಿಗರೇಟೊಂದನ್ನೇ ನಿಷೇಧಿಸಿದ್ದೇಕೆ? ವಿರೋಧಿಗಳ ವಾದದಲ್ಲಿ ಹುರುಳುಂಟೆ?

ಉತ್ತರ: ಉಂಟು, ಆದರೆ ಅರ್ಧದಷ್ಟು. ಹೊಗೆಸೊಪ್ಪನ್ನು ಸುಡದೆ, ನಿಕೋಟಿನ್ ಬೆರೆತ ದ್ರವವನ್ನು ಬ್ಯಾಟರಿಯ ಕಾವಿನಿಂದ ಆವಿಯಾಗಿಸುವ ಈ ಉಪಕರಣದಲ್ಲಿ ದಹನಜನ್ಯವಾದ ಟಾರು ಬಹುಮಟ್ಟಿಗೆ ಇಲ್ಲವೆಂಬುದನ್ನೂ, 2015ರಲ್ಲಿ ಇಂಗ್ಲೆಂಡಿನ ಸರಕಾರಿ ಆರೋಗ್ಯ ಸಂಸ್ಥೆಯೇ ಇದು ಸಿಗರೇಟಿಗಿಂತ ಸುಮಾರು ಶೇಕಡಾ 95ರಷ್ಟು ಕಡಿಮೆ ಹಾನಿಕರವೆಂದು ಹೇಳಿದುದನ್ನೂ ಮುಂದಿಟ್ಟುಕೊಂಡು, ಘೋರವಾದ ವಿಷವನ್ನು ಅಂಗಡಿಯಲ್ಲಿರಿಸಿ ಸೌಮ್ಯವಾದುದನ್ನು ಬಹಿಷ್ಕರಿಸುವುದು ಎಲ್ಲಿಯ ನ್ಯಾಯವೆಂದು ಅವರು ಕೇಳುತ್ತಾರೆ. ಆ ಅಂಕಿಯು ದೀರ್ಘಕಾಲದ ಪರೀಕ್ಷೆಯ ಫಲವಲ್ಲ, ತಜ್ಞರ ಅಂದಾಜು ಮಾತ್ರವೆಂಬುದನ್ನು ಮೆಲ್ಲನೆ ನುಂಗಿಕೊಳ್ಳುತ್ತಾರೆ!

ಆಳುವವರ ಭೀತಿಯಾದರೋ ಎಳೆಯರನ್ನು ಕುರಿತದ್ದು; ಹಣ್ಣಿನ ರುಚಿಯನ್ನೂ ಲೇಖನಿಯ ರೂಪವನ್ನೂ ತಾಳಿ ಬರುವ ವ್ಯಸನವು, ಬೀಡಿಯ ವಾಸನೆಗೆ ಮೂಗು ಮುಚ್ಚುತ್ತಿದ್ದ ಬಾಲಕನನ್ನೂ ಮರುಳುಗೊಳಿಸಬಲ್ಲುದು. ಕರ್ನಾಟಕವು 2016ರಲ್ಲಿಯೇ ಇ-ಸಿಗರೇಟನ್ನು ತಡೆಯಿತು. 2019ರಲ್ಲಿ ದೇಶಕ್ಕೆಲ್ಲ ಕಾಯಿದೆಯಾಯಿತು.

ಇನ್ನು ಬೀಡಿ ಸಿಗರೇಟುಗಳು ಉಳಿದುಕೊಂಡಿರುವುದಕ್ಕೆ ವೈದ್ಯಶಾಸ್ತ್ರದಲ್ಲಿ ಕಾರಣವನ್ನು ಅರಸುವುದು ವ್ಯರ್ಥ. ದಕ್ಷಿಣ ಕನ್ನಡದ ಮನೆಜಗುಲಿಗಳಲ್ಲಿ ಬೀಡಿ ಕಟ್ಟುವ ಹೆಂಗಸರ ಕೂಲಿ, ಹುಣಸೂರು ಪಿರಿಯಾಪಟ್ಟಣಗಳ ಬೆಳೆಗಾರರ ಬಾಳು, ಬೊಕ್ಕಸಕ್ಕೆ ಹರಿದುಬರುವ ತೆರಿಗೆ, ಇವುಗಳೇ ಅವಕ್ಕೆ ರಕ್ಷಾಕವಚ. ಹೊಸತಕ್ಕೆ ಅಂತಹ ಬಂಧುಬಳಗವಿರಲಿಲ್ಲ. ನನ್ನ ಮಟ್ಟಿಗೆ ದೋಷವಿರುವುದು ನಿಷೇಧದಲ್ಲಲ್ಲ, ಹಳೆಯದರ ಮೇಲಿನ ದಾಕ್ಷಿಣ್ಯದಲ್ಲಿ.

ಅಂದ ಹಾಗೆ, 2019ರ ಕಾಯಿದೆಯಂತೆ ಇ-ಸಿಗರೇಟು ಮಾರುವವನಿಗೆ ಮೊದಲ ಅಪರಾಧಕ್ಕೆ ಒಂದು ವರ್ಷದವರೆಗೆ ಸೆರೆ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಉಂಟು. ಕೇವಲ ಸೇದುವವನಿಗೆ ಆ ಕಾಯಿದೆ ಶಿಕ್ಷೆಯನ್ನು ವಿಧಿಸಿಲ್ಲ.