ಸಭೆಗೆ ಬೇಕಾದದ್ದು ಸದಸ್ಯರೋ, ಶಿಷ್ಯರೋ?
ಬಾಸೆಲ್ ಮಿಶನ್ ಇತಿಹಾಸ ಕಲಿಸುವ ಪಾಠ

ಮುಂಬಯಿ: ಯಾವುದೇ ಸಂಘದ ವಾರ್ಷಿಕ ಮಹಾಸಭೆಯಲ್ಲಿ ಗೌರವ ಕಾರ್ಯದರ್ಶಿಗಳು ವರದಿ ಓದುವಾಗ ಸದಸ್ಯರ ಸಂಖ್ಯೆ ಬಂದೇ ಬರುತ್ತದೆ. ಆಜೀವ ಸದಸ್ಯರು ಎಷ್ಟು, ಹೊಸದಾಗಿ ಸೇರಿದವರು ಎಷ್ಟು ಎಂಬ ಲೆಕ್ಕ ಕೇಳಿ ಸಭಿಕರು ಚಪ್ಪಾಳೆ ತಟ್ಟುತ್ತಾರೆ. ಕ್ರೈಸ್ತ ಸಭೆಗಳಲ್ಲೂ ದೀಕ್ಷಾಸ್ನಾನ, ಮದುವೆ, ಮರಣಗಳನ್ನು ಬರೆದಿಡುವ ಪುಸ್ತಕಗಳಿವೆ. ಆದರೆ ಯೇಸು ಕ್ರಿಸ್ತರು ತಮ್ಮವರಿಗೆ ಕೊನೆಯದಾಗಿ ಒಪ್ಪಿಸಿದ ಕೆಲಸ ಈ ಲೆಕ್ಕಕ್ಕಿಂತ ದೊಡ್ಡದು.

ಮತ್ತಾಯನ ಸುವಾರ್ತೆಯ 28ನೇ ಅಧ್ಯಾಯದಲ್ಲಿ ಗಲಿಲಾಯದ ಬೆಟ್ಟದ ಮೇಲೆ 11 ಮಂದಿ ಶಿಷ್ಯರು ಕೂಡಿದ ಪ್ರಸಂಗವಿದೆ. ಹೋಗುವುದು, ದೀಕ್ಷಾಸ್ನಾನ ಕೊಡುವುದು, ಕಲಿಸುವುದು ಎಂಬ ಮಾತುಗಳೆಲ್ಲ ಅಲ್ಲಿ ಬರುತ್ತವೆ. ಮೂಲ ಗ್ರೀಕ್ ಭಾಷೆಯಲ್ಲಿ ಇವೆಲ್ಲಕ್ಕೂ ಆಧಾರವಾಗಿರುವ ಆಜ್ಞೆ ಒಂದೇ, ಶಿಷ್ಯರನ್ನು ಮಾಡಬೇಕು ಎಂಬುದು. ಆ ಭಾಷೆಯಲ್ಲಿ ಶಿಷ್ಯ ಎಂದರೆ ಕಲಿಯುವವನು. ಯೇಸು ತಮ್ಮ 12 ಮಂದಿಯನ್ನು ಜೊತೆಯಲ್ಲೇ ಇಟ್ಟುಕೊಂಡು, ಅವರೊಂದಿಗೆ ನಡೆದು, ಉಂಡು ಕಲಿಸಿದರು. ಗುರುಕುಲ ಪದ್ಧತಿಯನ್ನು ಬಲ್ಲ ನಮ್ಮ ಜನರಿಗೆ ಇದು ಹೊಸತೇನಲ್ಲ.

ಈ ಆಜ್ಞೆಯನ್ನು ನಂಬಿಯೇ 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಸಂಸ್ಥೆಯ ಹೆಬಿಕ್, ಲೆಹ್ನರ್ ಮತ್ತು ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಎರಡು ವರ್ಷಗಳ ನಂತರ ಬಂದವರು ಹರ್ಮನ್ ಮೋಗ್ಲಿಂಗ್. ಜನರ ಮಾತು ತಿಳಿಯದೆ ಕಲಿಸುವುದು ಸಾಧ್ಯವಿಲ್ಲವೆಂದು ಅರಿತ ಅವರು ಮೊದಲು ತಾವೇ ಕನ್ನಡದ ವಿದ್ಯಾರ್ಥಿಯಾದರು. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರತಂದರು. ಜೈಮಿನಿ ಭಾರತ, ದಾಸರ ಪದಗಳು, ಬಸವ ಪುರಾಣಗಳನ್ನು ಅಚ್ಚು ಹಾಕಿಸಿದರು. ತಮ್ಮ ಧರ್ಮ ಸಾರಲು ಬಂದವರು ದಾಸರನ್ನೂ ಶರಣರನ್ನೂ ಓದಿ ಕನ್ನಡಿಗರ ಕೈಗೆ ಮುದ್ರಿತ ಪುಸ್ತಕವಾಗಿ ಕೊಟ್ಟದ್ದು ಸಣ್ಣ ಸಂಗತಿಯಲ್ಲ. ಅದೇ ಮಿಶನ್ನಿನ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಪ್ರಕಟವಾಯಿತು.

ಶಿಷ್ಯರನ್ನು ಮಾಡುವುದು ಎಂದೊಡನೆ ಮತಾಂತರದ ಪ್ರಶ್ನೆ ಏಳುವುದು ಸಹಜ. ಅಂದೂ ಎದ್ದಿತ್ತು. 1844ರ ಜನವರಿಯಲ್ಲಿ ಸಾರಸ್ವತ ಬ್ರಾಹ್ಮಣ ಮನೆತನದ ಯುವಕ ಆನಂದರಾವ್ ಕೌಂಡಿಣ್ಯ ದೀಕ್ಷಾಸ್ನಾನ ಪಡೆದಾಗ ಮಂಗಳೂರಿನಲ್ಲಿ ದೊಡ್ಡ ಗದ್ದಲವಾಯಿತು. ಎರಡೂ ಕಡೆ ನೋವಿತ್ತು. ಇಲ್ಲಿ ಗಮನಿಸಬೇಕಾದದ್ದು ಮುಂದಿನ ಮಾತು. ದೀಕ್ಷಾಸ್ನಾನವಾಯಿತು, ಪುಸ್ತಕದಲ್ಲಿ ಹೆಸರು ಬಿತ್ತು ಎಂದು ಮೋಗ್ಲಿಂಗ್ ಕೈತೊಳೆದುಕೊಳ್ಳಲಿಲ್ಲ. 1846ರಲ್ಲಿ ಆ ಯುವಕನನ್ನು ಬಾಸೆಲ್‌ಗೆ ಕರೆದೊಯ್ದರು. ಅಲ್ಲಿ ವರ್ಷಗಟ್ಟಲೆ ಓದಿ, 1851ರಲ್ಲಿ ಗುರುದೀಕ್ಷೆ ಪಡೆದು ಕೌಂಡಿಣ್ಯರು ಊರಿಗೆ ಮರಳಿದರು. ಮುಂದೆ ಮಂಗಳೂರಿನ ಸೆಮಿನರಿಯಲ್ಲಿ ತಾವೇ ಇತರರಿಗೆ ಕಲಿಸಿದರು. ಕಲಿತವನು ಇನ್ನೊಬ್ಬನಿಗೆ ಕಲಿಸಿದಾಗಲೇ ಶಿಷ್ಯತ್ವ ಪೂರ್ಣವಾಗುತ್ತದೆ.

ಎಲ್ಲವೂ ಇಷ್ಟು ಸುಸೂತ್ರವಾಗಿರಲಿಲ್ಲ. ಮತ ಬಿಟ್ಟು ಬಂದವರು ಮನೆ, ಆಸ್ತಿ, ಕುಲಕಸುಬು ಎಲ್ಲವನ್ನೂ ಕಳೆದುಕೊಳ್ಳುತ್ತಿದ್ದರು. ಅವರ ಹೊಟ್ಟೆಪಾಡಿಗಾಗಿ ಮಿಶನ್ ನೇಯ್ಗೆ ಕಾರ್ಖಾನೆ ತೆರೆಯಿತು. 1865ರಲ್ಲಿ ಪ್ಲೆಬ್ಸ್ಟ್ ಅವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದರು. ಮಂಗಳೂರು ಹಂಚಿನ ಖ್ಯಾತಿ ದೇಶವಿಡೀ ಹಬ್ಬಿತು. ಸಾವಿರಾರು ಸಂಸಾರಗಳಿಗೆ ಅನ್ನ ಸಿಕ್ಕಿತು. ಆದರೆ ಗುರುವೂ ಧಣಿಯೂ ಒಬ್ಬರೇ ಆದಾಗ, ಬಂದವರು ಕಲಿಯಲು ಬಂದರೋ ಕೂಲಿಗಾಗಿ ಬಂದರೋ ಎಂಬ ಸಂಶಯಕ್ಕೆ ಎಡೆಯಾಯಿತು.

ಈ ಸಂಶಯಕ್ಕೆ ಉತ್ತರ ಕೊಟ್ಟದ್ದು ಕಾಲ. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದೊಡನೆ ಮಿಶನ್ನಿನ ಜರ್ಮನ್ ಗುರುಗಳು ಬ್ರಿಟಿಷ್ ಸರಕಾರಕ್ಕೆ ಶತ್ರುಗಳಾದರು. ಅನೇಕರನ್ನು ಮಹಾರಾಷ್ಟ್ರದ ಅಹ್ಮದ್‌ನಗರದ (ಇಂದಿನ ಅಹಿಲ್ಯಾನಗರ) ಶಿಬಿರದಲ್ಲಿ ಬಂಧಿಸಿಡಲಾಯಿತು. ಕಾರ್ಖಾನೆಗಳು ಮಿಶನ್ ಕೈತಪ್ಪಿ ಹೋದವು. ಗುರುವೂ ಇಲ್ಲ, ಧಣಿಯೂ ಇಲ್ಲ ಎನ್ನುವ ಆ ದಿನಗಳಲ್ಲಿ ಸಭೆಗಳ ಬಾಗಿಲು ಮುಚ್ಚಬೇಕಿತ್ತು. ಮುಚ್ಚಲಿಲ್ಲ. ಸ್ಥಳೀಯ ಸಭಾಪಾಲಕರು, ಉಪದೇಶಿಗಳು, ಶಾಲಾ ಮಾಸ್ತರರು, ಮನೆಯಲ್ಲಿ ಮಕ್ಕಳನ್ನು ಪ್ರಾರ್ಥನೆಗೆ ಕೂರಿಸುತ್ತಿದ್ದ ತಾಯಂದಿರು ಅವನ್ನು ಉಳಿಸಿಕೊಂಡರು. ಬರೇ ಸದಸ್ಯರಾಗಿದ್ದವರು ಚದುರಿರಬಹುದು. ಕಲಿತವರು ಮಾತ್ರ ನಿಂತರು.

ಇಂದು ದಕ್ಷಿಣ ಕನ್ನಡ, ಉಡುಪಿ, ಧಾರವಾಡ, ಗದಗ ಕಡೆಯ ಈ ಸಮಾಜದ ಅನೇಕ ಕುಟುಂಬಗಳು ಮುಂಬಯಿಯಲ್ಲಿ ನೆಲೆಸಿವೆ. ನಗರದಲ್ಲಿ ಕನ್ನಡದಲ್ಲೇ ಆರಾಧನೆ ನಡೆಸುವ ಸಭೆಗಳಿವೆ. ಹಿರಿಯರು ಲೋಕಲ್ ಟ್ರೇನಿನಲ್ಲಿ ದೂರದಿಂದ ಬಂದು ಕನ್ನಡ ಸಂಗೀತ ಪುಸ್ತಕ ಬಿಡಿಸಿ ಹಾಡುತ್ತಾರೆ. ಪಕ್ಕದಲ್ಲಿ ಕುಳಿತ ಮೊಮ್ಮಗನಿಗೆ ಆ ಅಕ್ಷರ ಬಾರದು. ದಾಖಲೆ ಪುಸ್ತಕದಲ್ಲಿ ಅವನ ಹೆಸರಿದೆ. ಆದರೆ ಅವನಿಗೆ ಕಲಿಸುವವರು ಯಾರು? ವಾರಕ್ಕೊಂದು ಗಂಟೆಯ ಭಾನುವಾರ ಶಾಲೆಯ ಶಿಕ್ಷಕರ ಮೇಲೆ ಎಲ್ಲವನ್ನೂ ಹೊರಿಸಿ ಮನೆಯವರು ಸುಮ್ಮನಾದರೆ, ಯುದ್ಧ ಮಾಡಲಾಗದ ಹಾನಿಯನ್ನು ಉದಾಸೀನವೇ ಮಾಡೀತು.

ಈ ಮಾತು ಚರ್ಚಿಗೆ ಮಾತ್ರ ಸೀಮಿತವಲ್ಲ. ಹೊರನಾಡಿನ ನಮ್ಮ ಕನ್ನಡ ಸಂಘಗಳಿಗೂ ಇದು ಅನ್ವಯಿಸುತ್ತದೆ. ಸದಸ್ಯತ್ವದ ರಸೀದಿ ಹರಿಯುವುದು ಸುಲಭ. ಒಬ್ಬ ಹುಡುಗನನ್ನು ಜೊತೆಯಲ್ಲಿ ಕೂರಿಸಿಕೊಂಡು ಕಲಿಸುವುದು ಕಷ್ಟ. 1843ರಲ್ಲಿ ಪರದೇಶದವರೊಬ್ಬರು ಕನ್ನಡ ಕಲಿತು ಕನ್ನಡಕ್ಕೆ ಪತ್ರಿಕೆ ಕೊಟ್ಟರು. ನಮ್ಮ ಮನೆಯ ಮಕ್ಕಳು ಅದೇ ಕನ್ನಡವನ್ನು ಓದಲಾರದಂತಾದರೆ ಅದರ ಹೊಣೆ ಹಿರಿಯರಾದ ನಮ್ಮದೇ. ಮುಂದಿನ ಮಹಾಸಭೆಯ ವರದಿಯಲ್ಲಿ ಎಷ್ಟು ಮಂದಿ ಸೇರಿದರು ಎಂಬುದರ ಜೊತೆಗೆ, ಎಷ್ಟು ಮಂದಿಗೆ ಕಲಿಸಿದೆವು ಎಂಬ ಒಂದು ಸಾಲೂ ಇರಲಿ.