ನಿಮಗಿದು ಗೊತ್ತೆ? ಮೇಲೆ ಐಸು, ಕೆಳಗೆ ಒಡೆದ ಹಾಲು

ಫ್ರೀಜರಿನಲ್ಲಿ ಐಸು ಗಟ್ಟಿಯಾಗಿದೆ, ಕೆಳಗಿಟ್ಟ ಹಾಲು ಮಾತ್ರ ಒಡೆಯುತ್ತಿದೆ. ಇಂಥ ಫ್ರಿಜ್ಜಿಗೆ ‘ಗ್ಯಾಸ್ ಹೋಗಿದೆ’ ಎಂದು ತೀರ್ಪು ಕೊಡಲು ಆತುರ ಬೇಡ. ಗ್ಯಾಸ್ ಪೂರಾ ಹೋಗಿದ್ದರೆ ಫ್ರೀಜರೂ ತಣ್ಣಗಿರುವುದಿಲ್ಲ.

ಫ್ರಾಸ್ಟ್-ಫ್ರೀ ಮಾದರಿಗಳಲ್ಲಿ ತಂಪು ಹುಟ್ಟಿಸುವ ಕೊಳವೆಗಳು ಸಾಮಾನ್ಯವಾಗಿ ಫ್ರೀಜರಿನ ಹಿಂಬದಿಯ ಫಲಕದ ಮರೆಯಲ್ಲಿರುತ್ತವೆ. ಅಲ್ಲಿನ ಗಾಳಿಯನ್ನು ಪುಟ್ಟ ಫ್ಯಾನೊಂದು ಕೆಳಗೆ ತಳ್ಳುತ್ತದೆ. ಕೊಳವೆಗಳಿಗೆ ಅಂಟಿದ ಹಿಮವನ್ನು ಆಗಾಗ ಕರಗಿಸಲು ಒಂದು ಹೀಟರ್ ಇರುತ್ತದೆ. ಹೌದು, ಫ್ರಿಜ್ಜಿನೊಳಗೇ ಹೀಟರ್! ಅದು ಕೆಟ್ಟರೆ ಹಿಮ ಬೆಳೆದು ಗಾಳಿಯ ದಾರಿ ಕಟ್ಟಿಹೋಗುತ್ತದೆ. ಫ್ರಿಜ್ ಆರಿಸಿ, ಬಾಗಿಲು ತೆರೆದು ಒಂದು ದಿನ ಬಿಟ್ಟಾಗ ಸರಿಹೋಗಿ, ಕೆಲವೇ ದಿನದಲ್ಲಿ ಮತ್ತೆ ಅದೇ ಗೋಳಾದರೆ ಮೊದಲ ಅನುಮಾನ ಇಲ್ಲೇ ಇರಲಿ. ಚಾಕುವಿನಿಂದ ಮಾತ್ರ ಹಿಮ ಕೆತ್ತಬೇಡಿ. ಕೊಳವೆ ತೂತಾದರೆ ಒಳಗಿನ ಗ್ಯಾಸ್ ಸೋರುತ್ತದೆ; ಇಂದಿನ ಅನೇಕ ಫ್ರಿಜ್ಜುಗಳಲ್ಲಿರುವ ಆರ್-600ಎ ಹೊತ್ತಿಕೊಳ್ಳುವ ಅನಿಲ.

ಮೆಕ್ಯಾನಿಕ್‌ಗೆ ಫೋನ್ ಮಾಡುವ ಮುನ್ನ ಬಾಗಿಲ ಸಂದಿಗೆ ಒಂದು ನೋಟು ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಬಂದರೆ ರಬ್ಬರ್ ಬೀಡಿಂಗ್ ಸಡಿಲವಾಗಿದೆ. ಗಾಳಿ ಬರುವ ಕಿಂಡಿಗೆ ಸಾಂಬಾರಿನ ಪಾತ್ರೆ ಅಡ್ಡ ನಿಂತಿದೆಯೇ ನೋಡಿ. ನಮ್ಮ ತುಂಬಿದ ಫ್ರಿಜ್ಜುಗಳಲ್ಲಿ ಇದು ಮಾಮೂಲು. ಒಳಗೆ ಸುಮಾರು 4 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು. ಪಕ್ಕದ ಗೋಡೆಗಳು ಬೆಚ್ಚಗಿದ್ದರೆ ಗಾಬರಿ ಬೇಡ, ಹಲವು ಮಾದರಿಗಳಲ್ಲಿ ಒಳಗಿನ ಶಾಖ ಹೊರಬೀಳುವುದೇ ಅಲ್ಲಿಂದ.

ಇನ್ನೊಂದು ಮಾತು: ಸ್ವಿಚ್ ಆರಿಸಿದ ಕೂಡಲೇ ಮತ್ತೆ ಹಾಕಬೇಡಿ. ಕೊಳವೆಗಳ ಒತ್ತಡ ಸಮವಾಗುವ ಮೊದಲು ಕಂಪ್ರೆಸರ್ ತಿರುಗಲು ತಿಣುಕುತ್ತದೆ. ಐದಾರು ನಿಮಿಷ ಬಿಡಿ.